ನಾಲೆಯ ಕೊನೆಗೆ ಎಷ್ಟು ನೀರು? ಹಾಡಿನ ಆ್ಯಪ್‌ಗಳ ದುಡ್ಡು ಹಾಡಿದವರಿಗೆ ಮುಟ್ಟುವ ದಾರಿ

ಮಳವಳ್ಳಿ ಕಡೆಯ ಒಂದು ಊರು. ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರ ಕಿವಿ ಹತ್ತಿರ ಮೊಮ್ಮಗ ಮೊಬೈಲ್ ಹಿಡಿದ. ತಂಬೂರಿ ಶ್ರುತಿ, ಗಗ್ಗರದ ಸದ್ದು, ಆಮೇಲೆ ಮಂಟೇಸ್ವಾಮಿ ಕಥೆಯ ಪದ. ಎರಡು ಸಾಲು ಮುಗಿಯೋ ಹೊತ್ತಿಗೆ ಅವರು ಕಣ್ಣು ಮುಚ್ಚಿದರು. 'ಇದು ನನ್ ಗಂಟ್ಲು ಕಣಪ್ಪ' ಅಂದರು. ತೊಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ ಕಂಪನಿಗೆ ಹಾಡಿದ್ದಂತೆ. ಒಂದು ದಿನದ ರೆಕಾರ್ಡಿಂಗ್, ಕೈಗೊಂದಿಷ್ಟು ದುಡ್ಡು, ಬಸ್ ಚಾರ್ಜು. ಅಲ್ಲಿಗೆ ಮುಗೀತು. ಈಗ ಅದೇ ಹಾಡು ಆ್ಯಪ್‌ನಲ್ಲಿದೆ. ಪರದೆ ಮೇಲೆ ದೇವರ ಚಿತ್ರ ಇದೆ, ಕಂಪನಿ ಹೆಸರಿದೆ. ಹಾಡಿದವರ ಹೆಸರು ಇರಬೇಕಾದ ಕಡೆ 'ಜಾನಪದ' ಅಂತ ಮಾತ್ರ ಇದೆ.

'ಇದ್ನ ಯಾರಾದ್ರೂ ಕೇಳುದ್ರೆ ನಮ್ಗೇನಾರಾ ಬತ್ತದಾ?' ಅಂತ ಕೇಳಿದರು.

ನಾನು ಮೈಸೂರಿನಲ್ಲಿ ಸುಗಮ ಸಂಗೀತದವರ ಜೊತೆ ತಬಲಾ ನುಡಿಸುವವನು. ಗೆಳೆಯರೊಬ್ಬರು ಆ ಹಿರಿಯರ ಕಥೆಯನ್ನು ಹೊಸದಾಗಿ ರೆಕಾರ್ಡ್ ಮಾಡಲು ಹೊರಟಿದ್ದರು, ನಾನೂ ಜೊತೆಗೆ ಹೋಗಿದ್ದೆ. ಅವರ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ಅವತ್ತು ಹೇಳಿದ್ದನ್ನೂ, ಹೇಳದೆ ಉಳಿದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳೋದು 'ಒಂದು ಸಲ ಕೇಳಿದರೆ ಎಷ್ಟು ಪೈಸೆ?' ಅಂತ. ನಮ್ಮ ಕಡೆ ಡೇರಿಗೆ ಹಾಲು ಹಾಕುವವರಿಗೆ ಈ ಪ್ರಶ್ನೆ ಸಹಜ. ಅಲ್ಲಿ ಲೀಟರಿಗೆ ಇಷ್ಟು ಅಂತ ದರ ಇರುತ್ತದೆ. ಹಾಡಿನ ಆ್ಯಪ್‌ಗಳಲ್ಲಿ ಅಂಥ ದರವೇ ಇಲ್ಲ. ಒಂದು ಹಾಡಿಗೆ ಇಷ್ಟು ಪೈಸೆ ಅಂತ ಇಂಟರ್ನೆಟ್ಟಿನಲ್ಲಿ ಓಡಾಡುವ ಅಂಕಿಗಳೆಲ್ಲ ಹಂಚಿಕೆ ಮುಗಿದ ಮೇಲೆ ಯಾರೋ ಭಾಗಿಸಿ ತೆಗೆದ ಸರಾಸರಿ. ಅದು ತಿಂಗಳಿಂದ ತಿಂಗಳಿಗೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ನಡೆಯೋದು ಹೀಗೆ. ಒಂದು ದೇಶದಲ್ಲಿ ಒಂದು ತಿಂಗಳು ಚಂದಾದಿಂದ ಬಂದ ದುಡ್ಡು, ಜಾಹೀರಾತಿನಿಂದ ಬಂದ ದುಡ್ಡು ಒಟ್ಟಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆ್ಯಪ್ ಕಂಪನಿಗೆ. ಉಳಿದದ್ದು ಹಾಡಿನ ಹಕ್ಕು ಇಟ್ಟುಕೊಂಡವರಿಗೆ. ಆ ತಿಂಗಳು ಒಟ್ಟು ಎಷ್ಟು ಸಲ ಹಾಡುಗಳು ಓಡಿದವು, ಅದರಲ್ಲಿ ನಿಮ್ಮದು ಎಷ್ಟು? ಆ ಪಾಲಿನಷ್ಟು ದುಡ್ಡು ನಿಮ್ಮ ಹಾಡಿನ ಲೆಕ್ಕಕ್ಕೆ.

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಪುಟ್ಟ ಆ್ಯಪ್ ಇದೆ ಅಂದುಕೊಳ್ಳಿ. ಅದಕ್ಕೆ ಚಂದಾ ಕಟ್ಟುವವರು ಇಬ್ಬರೇ: ನಾನು, ಪಕ್ಕದ ಮನೆಯ ಕಾಲೇಜು ಹುಡುಗ. ತಲಾ 120 ರೂಪಾಯಿ. ಒಟ್ಟು 240. ಕಂಪನಿ 80 ಇಟ್ಟುಕೊಂಡಿತು, ಹಂಚೋಕೆ ಉಳಿದದ್ದು 160. ಹುಡುಗ ದಿನವಿಡೀ ಕಿವಿಗೆ ಹಾಕಿಕೊಂಡಿರುತ್ತಾನೆ. ತಿಂಗಳಿಗೆ 950 ಸಲ ಸಿನಿಮಾ ಹಾಡು ಕೇಳಿದ. ನಾನು ರಾತ್ರಿ ಹೊತ್ತು ಮಾತ್ರ, ಅದೂ ಒಬ್ಬರೇ ತಂಬೂರಿ ಹಾಡುಗಾರರನ್ನು 50 ಸಲ ಕೇಳಿದೆ. ಒಟ್ಟು 1,000. ಈಗ ತಂಬೂರಿಯವರ ಪಾಲು 1,000ಕ್ಕೆ 50, ಅಂದರೆ 8 ರೂಪಾಯಿ. ನಾನು ಬೇರೆ ಯಾರನ್ನೂ ಕೇಳಿಲ್ಲ. ಆದರೂ ನನ್ನ ಚಂದಾದಲ್ಲಿ ಹಂಚಿಕೆಗೆ ಉಳಿದ 80 ರೂಪಾಯಿಯಲ್ಲಿ 72 ನಾನು ಕೇಳದ ಹಾಡುಗಳಿಗೆ ಹೋಯಿತು. ಇದು ತಪ್ಪು ಅಂತ ಅನ್ನಿಸುತ್ತೆ, ಅಲ್ವಾ?

ಹಾಗಾಗಿ ಇನ್ನೊಂದು ಪದ್ಧತಿ ಬೇಕು ಅಂತ ಎಷ್ಟೋ ಜನ ಕೇಳುತ್ತಿದ್ದಾರೆ. ನನ್ನ ದುಡ್ಡು ನಾನು ಕೇಳಿದವರಿಗೇ ಹೋಗಲಿ ಅನ್ನುವ ಪದ್ಧತಿ. ಹಾಗೆ ಮಾಡಿದರೆ ಮೇಲಿನ ಲೆಕ್ಕದಲ್ಲಿ ತಂಬೂರಿಯವರಿಗೆ 8ರ ಬದಲು 80 ಸಿಗುತ್ತದೆ. ಸೌಂಡ್‌ಕ್ಲೌಡ್ ಅನ್ನುವ ಹಾಡಿನ ಆ್ಯಪ್ 2021ರಲ್ಲಿ ಸಣ್ಣ ಕಲಾವಿದರಿಗೆ ಇಂಥದ್ದೊಂದು ಹಂಚಿಕೆ ಶುರು ಮಾಡಿತು. ಕೇಳಿದಾಗ ನನಗೂ ಇದೇ ಮದ್ದು ಅನ್ನಿಸಿತ್ತು. ಆದರೆ ಅದೇ ವರ್ಷ ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರ ಇದನ್ನು ಲೆಕ್ಕ ಹಾಕಿಸಿ ನೋಡಿತು. ಮೇಲಿನ 10,000 ಕಲಾವಿದರನ್ನು ಬಿಟ್ಟು ಕೆಳಗಿನವರಿಗೆ ಆಗುವ ವ್ಯತ್ಯಾಸ ಸರಾಸರಿ ವರ್ಷಕ್ಕೆ ಹೆಚ್ಚೆಂದರೆ ಕೆಲವು ಯೂರೋ ಅಷ್ಟೇ ಅಂತ ಗೊತ್ತಾಯಿತು. ಪದ್ಧತಿ ಹೆಚ್ಚು ನ್ಯಾಯದ್ದು, ನಿಜ. ಆದರೆ ಅದೊಂದರಿಂದಲೇ ಮಳವಳ್ಳಿಯ ಜಗಲಿಗೆ ದುಡ್ಡು ಬರೋದಿಲ್ಲ.

ಯಾಕೆ ಬರೋದಿಲ್ಲ ಅನ್ನೋದಕ್ಕೆ ಮಂಡ್ಯದವರಿಗೆ ನಾಲೆಯ ಉದಾಹರಣೆ ಸಾಕು. ಕೆಆರ್‌ಎಸ್ ಅಣೆಕಟ್ಟಿನಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬರುತ್ತದೆ. ಇಷ್ಟು ಕ್ಯೂಸೆಕ್ ಅಂತ ಲೆಕ್ಕವೂ ಬರುತ್ತದೆ. ಆ ಲೆಕ್ಕ ಸುಳ್ಳಲ್ಲ. ಆದರೆ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತ ಕೇಳೋದು 'ನನ್ನ ಗದ್ದೆಗೆ ಬಂತಾ?' ಅಂತ. ಸ್ಪಾಟಿಫೈ ಅನ್ನುವ ಹಾಡಿನ ಆ್ಯಪ್ 2024ರಲ್ಲಿ ಸಂಗೀತ ಉದ್ಯಮಕ್ಕೆ 1,000 ಕೋಟಿ ಡಾಲರ್ ಕೊಟ್ಟಿದ್ದೇವೆ ಎಂದಿದೆ. ಆ ದುಡ್ಡು ಹೋದದ್ದು ಹಕ್ಕುದಾರರಿಗೆ. ಹಕ್ಕುದಾರರು ಅಂದರೆ ಹಾಡಿದವರೇ ಆಗಬೇಕು ಅಂತೇನಿಲ್ಲ. ನಡುವೆ ತೂಬುಗಳಿವೆ, ಒಂದೊಂದು ತೂಬಿನ ಹತ್ತಿರವೂ ಒಬ್ಬರು ನಿಂತಿದ್ದಾರೆ.

ಮೊದಲನೆಯದು, ನಮ್ಮ ಅಣೆಕಟ್ಟೇ ಸಣ್ಣದು. ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂದಾಗ ತಿಂಗಳ ಚಂದಾ 119 ರೂಪಾಯಿ. ಆಗ ಅಮೆರಿಕದಲ್ಲಿ 9.99 ಡಾಲರ್, ಅಂದರೆ ಸುಮಾರು 700 ರೂಪಾಯಿ. ಸಾಲದ್ದಕ್ಕೆ ನಮ್ಮಲ್ಲಿ ಬಹುಪಾಲು ಜನ ಚಂದಾ ಕಟ್ಟೋದೇ ಇಲ್ಲ, ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುತ್ತಾರೆ. ಗೆಳೆಯರೊಬ್ಬರ ಭಾವಗೀತೆಯ ತಿಂಗಳ ವರದಿಯನ್ನು ಅವರ ಮನೆಯಲ್ಲಿ ಕೂತು ನೋಡಿದ್ದೆ. ಆ್ಯಪ್ ಯಾವುದು, ದೇಶ ಯಾವುದು, ಎಷ್ಟು ಸಲ, ಎಷ್ಟು ಡಾಲರ್ ಅಂತ ಉದ್ದಕ್ಕೆ ಸಾಲುಗಳು. ಕೆನಡಾದಲ್ಲಿ ಯಾರೋ ಒಬ್ಬರು ಒಂದು ಸಲ ಕೇಳಿದ್ದರು. ಆ ಸಾಲಿನಲ್ಲಿ ಚುಕ್ಕೆ ಆದಮೇಲೆ ಎರಡು ಸೊನ್ನೆ, ಆಮೇಲೆ ಅಂಕಿ. ಭಾರತದ ಸಾಲಿನಲ್ಲಿ ಒಂದು ಸಲಕ್ಕೆ ಚುಕ್ಕೆ ಆದಮೇಲೆ ಮೂರು ಸೊನ್ನೆ. ಅವರ ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. 'ಕೆನಡಾದವರು ಯಾರೋ, ಪಾಪ, ಎರಡು ಸಲ ಕೇಳಬಾರದಿತ್ತಾ' ಅಂದರು.

ಎರಡನೆಯದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಚಾರ. ಹಾಡು 30 ಸೆಕೆಂಡ್ ಓಡಿದರೆ ಸ್ಪಾಟಿಫೈ ಅದನ್ನು ಒಂದು ಸಲ ಅಂತ ಎಣಿಸುತ್ತದೆ. ಎರಡು ನಿಮಿಷದ ಹಾಡೂ ಒಂದು ಸಲ, 45 ನಿಮಿಷದ ರಾಗ-ತಾನ-ಪಲ್ಲವಿಯೂ ಒಂದೇ ಸಲ. ಮೂರು ನಿಮಿಷದ ಹಾಡುಗಳನ್ನು ಸಾಲಾಗಿ ಹಾಕಿದರೆ ಅದೇ 45 ನಿಮಿಷದಲ್ಲಿ 15 ಸಲ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಸಂಗೀತ ಯಾವುದು ಅಂತ ಒಂದು ಸಲ ನೆನೆಸಿಕೊಳ್ಳಿ. ವೀಣೆ ಶೇಷಣ್ಣನವರ ಊರು. ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದು ಬೆಳೆದ ಊರು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಇವತ್ತಿಗೂ ಜನ ಗಂಟೆಗಟ್ಟಲೆ ಕುರ್ಚಿ ಬಿಡದೆ ಕಚೇರಿ ಕೇಳುತ್ತಾರೆ. ಇನ್ನು ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿದರೆ ಕಥೆ ಮುಗಿಯೋಕೆ ಬೆಳಗಾಗಬೇಕು. ಒಂದು ರಾಗವನ್ನು ನಿಧಾನಕ್ಕೆ ಬೆಳೆಸೋದು, ಒಂದು ಕಥೆಯನ್ನು ರಾತ್ರಿಯಿಡೀ ಹಾಡೋದು ನಮ್ಮ ಸಂಗೀತದ ಜೀವ. ಈ ಎಣಿಕೆಗೆ ಆ ನಿಧಾನ ಕಾಣಿಸೋದೇ ಇಲ್ಲ. ಅದಕ್ಕೇ ಈಗ ಕಥೆಯನ್ನು ನಾಲ್ಕು ನಾಲ್ಕು ನಿಮಿಷದ ತುಂಡು ಮಾಡಿ ಹಾಕುತ್ತಿದ್ದಾರೆ. ಹಾಗೆ ಮಾಡಿ ಅಂತ ನಾನೂ ಹೇಳಿದ್ದೇನೆ. ಹೇಳಿ ಬಂದ ರಾತ್ರಿ ನಿದ್ದೆ ಬರಲಿಲ್ಲ.

2024ರಿಂದ ಇನ್ನೊಂದು ನಿಯಮ ಸೇರಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದ ಹಾಡಿಗೆ ಸ್ಪಾಟಿಫೈನಲ್ಲಿ ರೆಕಾರ್ಡಿಂಗಿನ ರಾಯಲ್ಟಿ, ಅಂದರೆ ಹಕ್ಕುದಾರರಿಗೆ ಸಿಗುವ ಪಾಲು, ಇಲ್ಲವೇ ಇಲ್ಲ. ಅಂಥ ಹಾಡಿಗೆ ಬರುತ್ತಿದ್ದದ್ದು ಚಿಲ್ಲರೆ ಕಾಸು, ಅದು ಹೇಗೂ ಕಲಾವಿದರ ಕೈಗೆ ಮುಟ್ಟುತ್ತಿರಲಿಲ್ಲ ಅನ್ನೋದು ಕಂಪನಿಯ ವಾದ. ಅದರಲ್ಲಿ ಸತ್ಯ ಇದೆ. ಆದರೆ 40 ತುಂಡು ಮಾಡಿದ ಕಥೆಯಲ್ಲಿ ಒಂದೊಂದು ತುಂಡೂ ಬೇರೆ ಬೇರೆಯಾಗಿ ಸಾವಿರ ದಾಟಬೇಕು. ಹಾಗಾಗಿ ತುಂಡು ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ.

ಈಗ ಮೂರನೇ ತೂಬಿಗೆ ಬರೋಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದು ಹಾಡಿನೊಳಗೆ ಎರಡು ಆಸ್ತಿ ಇರುತ್ತವೆ. ಒಂದು, ಸಾಹಿತ್ಯ ಮತ್ತು ರಾಗಸಂಯೋಜನೆ. ಇನ್ನೊಂದು, ಆ ದಿನ ಸ್ಟುಡಿಯೊದಲ್ಲಿ ಹಿಡಿದಿಟ್ಟ ಧ್ವನಿ. ಇದಕ್ಕೆ ನಾವು 'ಮಾಸ್ಟರ್' ಅನ್ನುತ್ತೇವೆ. ಎರಡಕ್ಕೂ ಬೇರೆ ಬೇರೆ ಒಡೆಯರಿರಬಹುದು. ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ 100ರಲ್ಲಿ 30 ಆ್ಯಪ್‌ಗೆ, 55 ಮಾಸ್ಟರ್‌ಗೆ, 15 ಸಾಹಿತ್ಯ ಮತ್ತು ಸಂಯೋಜನೆಗೆ ಹೋಗುತ್ತದೆ. ದೊಡ್ಡ ಪಾಲು ಮಾಸ್ಟರ್‌ನದು ಅನ್ನೋದನ್ನು ಗಮನಿಸಿ. ಆ ಮಾಸ್ಟರ್ ಸಾಮಾನ್ಯವಾಗಿ ರೆಕಾರ್ಡಿಂಗಿಗೆ ದುಡ್ಡು ಹಾಕಿದ ಕಂಪನಿಯ ಕೈಲಿರುತ್ತದೆ. ನಮ್ಮ ಕಾನೂನಿನಲ್ಲಿ ಅದರ ಆಯುಷ್ಯ 60 ವರ್ಷ.

ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡಿದ್ದು 1961ರಲ್ಲಿ. ಹಾಗಾಗಿ ಅವರ ಕೃತಿಗಳು 2022ರ ಜನವರಿಯಿಂದ ಎಲ್ಲರವು. ಜಯಚಾಮರಾಜ ಒಡೆಯರು ತೀರಿಕೊಂಡಿದ್ದು 1974ರಲ್ಲಿ, ಅವರ ಕೃತಿಗಳ ಹಕ್ಕು 2034ರ ಕೊನೆವರೆಗೂ ಇದೆ. ಕುವೆಂಪು ಪದ್ಯಕ್ಕೆ 2054ರ ಕೊನೆವರೆಗೆ. ಭಾವಗೀತೆ ಹಾಡುವವರು ಇದನ್ನು ತಿಳಿದಿರಲೇಬೇಕು. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಮಂಟೇಸ್ವಾಮಿ ಕಥೆಗೂ ಬೇಡ, ಅದು ಸಮುದಾಯದ್ದು. ಆದರೆ ಆ ಕಥೆಯ ರೆಕಾರ್ಡಿಂಗ್ ಮಾತ್ರ ರೆಕಾರ್ಡ್ ಮಾಡಿದವರ ಸ್ವತ್ತು. ತಲೆಮಾರುಗಳಿಂದ ಹಾಡುತ್ತಾ ಬಂದವರ ಹೆಸರಿಗೆ ಏನೂ ಇಲ್ಲ, ಒಂದು ದಿನ ಮೈಕು ಹಿಡಿದವರ ಹೆಸರಿಗೆ 60 ವರ್ಷದ ಹಕ್ಕು. ಕಾನೂನು ಹಾಗಿದೆ ಅಂತ ಗೊತ್ತಿದ್ದೂ ನನಗೆ ಇದನ್ನು ಒಪ್ಪಿಕೊಳ್ಳೋಕೆ ಆಗಿಲ್ಲ.

ಹಾಡಿದವರಿಗೆ ಒಂದೇ ಸಲ ದುಡ್ಡು ಕೊಟ್ಟು ಮುಗಿಸೋದು ಹೊಸದೇನಲ್ಲ. 1902ರಲ್ಲಿ ಹಾಡುಗಾರ್ತಿ ಗೌಹರ್ ಜಾನ್ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದರು. ಭಾರತದಲ್ಲಿ ವ್ಯಾಪಾರಕ್ಕೆ ಅಂತ ಮಾಡಿದ ಮೊಟ್ಟಮೊದಲ ರೆಕಾರ್ಡಿಂಗ್‌ಗಳಲ್ಲಿ ಅವರದ್ದೂ ಸೇರಿದೆ. ಪ್ರತಿ ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರು ಲೇಬಲ್ ಮೇಲೆ ಸರಿಯಾದ ಹೆಸರು ಹಾಕಲಿ ಅಂತ ಹೀಗೆ ಹೇಳಿಸುತ್ತಿದ್ದರು. ಅವರ ಪ್ಲೇಟುಗಳು ದೇಶದ ತುಂಬ ಹರಡಿದವು. ಕೊನೆಗಾಲದಲ್ಲಿ ಅವರು ಬಂದಿದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಕಲಾವಿದೆಯಾಗಿ ನೇಮಿಸಿಕೊಂಡರು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಅಷ್ಟು ದೊಡ್ಡ ಹೆಸರಿನ ಹಾಡುಗಾರ್ತಿಗೆ ಕೊನೆಗೆ ಆಸರೆಯಾಗಿದ್ದು ಪ್ಲೇಟುಗಳ ದುಡ್ಡಲ್ಲ, ಅರಮನೆಯ ಸಂಬಳ. ಈಗ ನಮಗೆ ಅರಮನೆ ಇಲ್ಲ. ಮೈಸೂರಿನ ಬಹುಪಾಲು ಸಂಗೀತಗಾರರು ಬದುಕೋದು ಪಾಠ, ಕಚೇರಿ, ಮದುವೆ, ದಸರೆಯ ಒಂದು ಕಾರ್ಯಕ್ರಮದ ಸಂಭಾವನೆಯಿಂದ. ಆ್ಯಪ್ ಅನ್ನೋದು ಅವರಿಗೆ ವಿಸಿಟಿಂಗ್ ಕಾರ್ಡ್.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿರೋದು ಹೀಗೆ. ಇದು ನ್ಯಾಯವಾದ ವ್ಯವಸ್ಥೆ ಅಲ್ಲ. ಆದರೆ ಆ್ಯಪ್ ಎಷ್ಟು ಪೈಸೆ ಕೊಡುತ್ತದೆ ಅನ್ನೋದಕ್ಕಿಂತ ದೊಡ್ಡ ಅನ್ಯಾಯ ನಡೆಯೋದು ಅದಕ್ಕೂ ಮೊದಲೇ, ಸ್ಟುಡಿಯೊದ ಮೇಜಿನ ಮೇಲಿನ ಒಂದು ಕಾಗದದಲ್ಲಿ. ತೂಬಿನ ಬೀಗ ಅಂದರೆ ಆ ಕಾಗದ. ಮೇಲಿನ ಲೆಕ್ಕದ 8 ರೂಪಾಯಿ 80 ಆದರೂ, ಮಾಸ್ಟರ್ ಬರೆದುಕೊಟ್ಟವರಿಗೆ ಮುಟ್ಟೋದು ಸೊನ್ನೆಯೇ.

ಆ ಕಾಗದದ ಬಗ್ಗೆ ಕಾನೂನು ಸುಮ್ಮನೆ ಕೂತಿಲ್ಲ. 2012ರಲ್ಲಿ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು. ಅದರ ಪ್ರಕಾರ ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕನ್ನು ಕಂಪನಿಗೆ ಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ಬೇಡ ಅಂತ ಬರೆದುಕೊಟ್ಟರೂ ಆ ಬರಹ ನಡೆಯೋದಿಲ್ಲ. ಹಾಡಿದವರು, ನುಡಿಸಿದವರಿಗೂ ವ್ಯಾಪಾರದ ಬಳಕೆಗೆ ರಾಯಲ್ಟಿ ಸಿಗಬೇಕು ಅನ್ನುವ ಮಾತು ಕಾಯ್ದೆಗೆ ಸೇರಿತು. ಕರಾರು ಬರೆಯುವಾಗ ಇರದ ಹೊಸ ಮಾಧ್ಯಮ ಮುಂದೆ ಬಂದರೆ, ಹೆಸರು ಹಿಡಿದು ಬರೆಯದ ಹೊರತು ಆ ಕರಾರು ಅದಕ್ಕೆ ತಾಗೋದಿಲ್ಲ. ಇನ್ನೂ ಒಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆದಿಲ್ಲದಿದ್ದರೆ ಅದು ಐದೇ ವರ್ಷ ಅಂತ ಕಾನೂನು ತಿಳಿಯುತ್ತದೆ. ಯಾವ ದೇಶಗಳಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ.

ಹಾಗಾದರೆ ದುಡ್ಡು ಯಾಕೆ ಬರುತ್ತಿಲ್ಲ? ನಮ್ಮ ಪಾಲು ಕೊಡಿ ಅಂತ ಕೇಳುವವರಿಲ್ಲ, ಅದಕ್ಕೆ. ಸಾಹಿತ್ಯ, ಸಂಯೋಜನೆ ಮಾಡಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡೋಕೆ ಐಪಿಆರ್‌ಎಸ್ ಇದೆ. 1969ರಲ್ಲಿ ಶುರುವಾದ ಸಂಸ್ಥೆ, 2017ರಲ್ಲಿ ತಿದ್ದುಪಡಿಯಾದ ಕಾಯ್ದೆಯಡಿ ಮತ್ತೆ ನೋಂದಣಿ ಆಯಿತು. ಹಾಡುಗಾರರು ಮತ್ತು ವಾದ್ಯಗಾರರಿಗೆ ಇಸಾಮ್ರಾ ಇದೆ. ಸದಸ್ಯರಾಗಿ, ಹಾಡುಗಳ ಪಟ್ಟಿ ಕೊಟ್ಟರೆ ಮಾತ್ರ ಅವರಿಗೆ ನಿಮ್ಮ ಪಾಲು ಯಾವುದು ಅಂತ ಗೊತ್ತಾಗೋದು. ನಮ್ಮ ತಂಡದಲ್ಲೇ ಇಪ್ಪತ್ತು ವರ್ಷದಿಂದ ರಾಗ ಹಾಕುತ್ತಿರುವವರು ಹೋದ ವರ್ಷದವರೆಗೂ ಸದಸ್ಯರಾಗಿರಲಿಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೇ.

ಹೆಸರು ದಾಖಲಾಗದಿದ್ದರೆ ಏನಾಗುತ್ತದೆ ಅಂತ ನಾನೇ ಒಂದು ಸಲ ಕಂಡೆ. ತಂಗಿ ಹಾಡಿದ ಒಂದು ದಾಸರ ಪದ, ನನ್ನದೇ ತಬಲಾ. ಮನೆಯ ಹಜಾರದಲ್ಲಿ ರೆಕಾರ್ಡ್ ಮಾಡಿ ಒಂದು ವಿಡಿಯೊ ತಾಣಕ್ಕೆ ಹಾಕಿದೆವು. ಎರಡೇ ದಿನಕ್ಕೆ ಈ ಹಾಡು ನಮ್ಮದು ಅಂತ ಒಂದು ಕಂಪನಿಯ ತಕರಾರು ಬಂತು. ಅವರು ಅದೇ ಪದವನ್ನು ಬೇರೆಯವರಿಂದ ಹಾಡಿಸಿದ್ದರು. ಧ್ವನಿ ಹೊಂದಿಸಿ ನೋಡುವ ಯಂತ್ರಕ್ಕೆ ರಾಗ ಒಂದೇ ಅನ್ನಿಸಿದೆ. 1564ರಲ್ಲಿ ತೀರಿಕೊಂಡ ದಾಸರ ಪದಕ್ಕೆ ಇವತ್ತು ಒಡೆಯರು ಯಾರು ಅಂತ ನಾವು ಬರೆದು ತಿಳಿಸಬೇಕಾಯಿತು. ವಾರಗಟ್ಟಲೆ ಕಾದ ಮೇಲೆ ತಕರಾರು ಬಿಟ್ಟಿತು. ತಂಗಿ ಆಮೇಲೆ ಮತ್ತೊಂದು ಹಾಡು ಹಾಕಲಿಲ್ಲ.

ರೆಕಾರ್ಡಿಂಗ್ ಕಂಪನಿ ಇಲ್ಲದೆ ನೀವೇ ಹಾಡು ಹಾಕೋದು ಈಗ ಕಷ್ಟವಲ್ಲ. ಡಿಸ್ಟ್ರಿಬ್ಯೂಟರ್ ಅಂತ ಇರುತ್ತಾರೆ. ಕೆಲವರು ವರ್ಷಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲವರು ಬಂದದ್ದರಲ್ಲಿ ಪಾಲು. ಎಲ್ಲ ಆ್ಯಪ್‌ಗಳಿಗೂ ಅವರೇ ಕಳಿಸುತ್ತಾರೆ. ಮಾಸ್ಟರ್ ನಿಮ್ಮದಾಗಿಯೇ ಉಳಿಯುತ್ತದೆ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಯ ಒಂದು ಗುರುತು ಸಿಗುತ್ತದೆ. ಹಾಡು ಎಲ್ಲೇ ಓಡಿದರೂ ಆ ಗುರುತು ಹಿಡಿದು ಲೆಕ್ಕ ವಾಪಸ್ ಬರುತ್ತದೆ. ಹೆಸರನ್ನು ಮಾತ್ರ ಎಲ್ಲ ಕಡೆ ಒಂದೇ ರೀತಿ ಬರೆಯಬೇಕು. ಒಂದು ಕಡೆ ಒಂದು ಕಾಗುಣಿತ, ಇನ್ನೊಂದು ಕಡೆ ಇನ್ನೊಂದು ಆದರೆ ಆ್ಯಪ್ ಒಬ್ಬರನ್ನೇ ಇಬ್ಬರು ಮಾಡಿಬಿಡುತ್ತದೆ. ತಬಲಾ, ಕೊಳಲು, ಡಕ್ಕಿ ನುಡಿಸಿದವರ ಹೆಸರಿಗೂ ಅಲ್ಲಿ ಜಾಗ ಇರುತ್ತದೆ. ಅದನ್ನು ಖಾಲಿ ಬಿಡೋ ಅಭ್ಯಾಸ ನಮ್ಮವರಿಗೆ ಜಾಸ್ತಿ.

ಆ ಹಿರಿಯರಿಗೆ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹಳೇ ಕ್ಯಾಸೆಟ್ಟಿನ ವಿಚಾರ ಕಷ್ಟ. ಕಾಗದ ಇಲ್ಲ, ಏನು ಬರೆದುಕೊಟ್ಟಿದ್ದೆ ಅಂತ ಅವರಿಗೂ ನೆನಪಿಲ್ಲ. ಹೊಸ ರೆಕಾರ್ಡಿಂಗ್ ನಿಮ್ಮದೇ, ಯಾರಿಗೂ ಬರೆದುಕೊಡಬೇಡಿ ಅಂದೆ. ಇದರಿಂದ ಬರೋ ದುಡ್ಡು ಜಾಸ್ತಿ ಇರೋದಿಲ್ಲ ಅಂತಲೂ ಹೇಳಿದೆ. ಆಗಲಿ ಅನ್ನೋ ಹಾಗೆ ತಲೆ ಆಡಿಸಿದರು.

ಗೆಳೆಯ ಲ್ಯಾಪ್‌ಟಾಪ್ ತೆಗೆದು ಜಗಲಿ ಮೇಲೇ ಫಾರಂ ತುಂಬೋಕೆ ಕೂತ. ಕಲಾವಿದರ ಹೆಸರು ಅನ್ನೋ ಜಾಗ ಬಂತು. ಹೇಗೆ ಬರೆಯಲಿ ಅಂತ ಕೇಳಿದ. ಅವರು ತಂಬೂರಿಯನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. ಊರ ಹೆಸರು ಮೊದಲು ಹೇಳಿದರು, ಆಮೇಲೆ ಪದ ಕಲಿಸಿದ ಅಪ್ಪನ ಹೆಸರು, ಕೊನೆಗೆ ತಮ್ಮದು. 'ಮೂರ್ನೂ ಹಾಕಪ್ಪ' ಅಂದರು. ಗೆಳೆಯ ಮೂರನ್ನೂ ಹಾಕಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ತೋರಿಸಿದ. ಗಗ್ಗರ ಹಿಡಿದು ಕೂತಿದ್ದ ಹೆಂಗಸೊಬ್ಬರು ಆಗ ಮೆಲ್ಲಗೆ ಕೇಳಿದರು, 'ನಮ್ದೂ ಹಾಕ್ತೀರಾ?'